ಒಂಬತ್ತು ಹುಡುಗರ ವಕೀಲ ಸ್ಯಾಮ್ಯುಯೆಲ್ ಲೀಬೊವಿಟ್ಜ್

ಅತ್ಯಾಚಾರದ ಪ್ರಕರಣವೊಂದು ಪತ್ರಿಕೆಯ ಮುಖಪುಟದಲ್ಲಿ ಬಂದ ದಿನ, ಮುಂಬಯಿಯ ಲೋಕಲ್ ರೈಲಿನಲ್ಲಿ ಪಯಣಿಸುವ ನಮ್ಮಂಥವರಿಗೆ ಒಂದು ಅನುಭವ ಸಾಮಾನ್ಯವಾದುದು. ಡೊಂಬಿವಲಿಯಲ್ಲಿ ಆರಂಭವಾದ ಚರ್ಚೆ ಠಾಣೆ ತಲುಪುವಷ್ಟರಲ್ಲಿ ತೀರ್ಪಿನ ಹಂತಕ್ಕೆ ಬಂದಿರುತ್ತದೆ. ದಾದರ್‌ನಲ್ಲಿ ಇಳಿಯುವ ಮುನ್ನ ಶಿಕ್ಷೆಯೂ ನಿರ್ಣಯವಾಗಿರುತ್ತದೆ. ಆ ಸಿಟ್ಟನ್ನು ನಾವು ಹಗುರವಾಗಿ ಕಾಣುವುದಿಲ್ಲ. ಹೆಣ್ಣುಮಕ್ಕಳು ರಾತ್ರಿ ಪಾಳಿ ಮುಗಿಸಿ ಮನೆಗೆ ಬರುವವರೆಗೆ ಬಾಗಿಲ ಬಳಿ ಕಾಯುವ ತಾಯಿತಂದೆಯರ ಸಿಟ್ಟು ಅದು. ಆದರೆ ಆ ಚರ್ಚೆಯಲ್ಲಿ ತಪ್ಪದೆ ಕೇಳಿಬರುವ ಪ್ರಶ್ನೆಯೊಂದಿದೆ. ಇಂಥ ಆರೋಪ ಹೊತ್ತವರ ಪರವಾಗಿ ವಕಾಲತ್ತು ವಹಿಸಲು ಮರ್ಯಾದಸ್ಥನಾದ ವಕೀಲನಿಗೆ ಮನಸ್ಸಾದರೂ ಹೇಗೆ ಬರುತ್ತದೆ ಎಂಬುದೇ ಆ ಪ್ರಶ್ನೆ.

ಈ ಪ್ರಶ್ನೆಯನ್ನು ತನ್ನ ಬದುಕಿನಲ್ಲಿ ಅತ್ಯಂತ ಕಠಿಣ ರೂಪದಲ್ಲಿ ಎದುರಿಸಿದ ವಕೀಲರೊಬ್ಬರು ಅಮೆರಿಕದಲ್ಲಿದ್ದರು. ಅವರೇ ಸ್ಯಾಮ್ಯುಯೆಲ್ ಲೀಬೊವಿಟ್ಜ್. ಅವರು ತೀರಿಕೊಂಡು ಸುಮಾರು ಅರ್ಧ ಶತಮಾನವಾಗುತ್ತ ಬಂದಿದೆ. ಅವರು ನಡೆಸಿದ ಮೊಕದ್ದಮೆಯ ಕುರಿತು ಗ್ರಂಥಗಳೂ ಚಲನಚಿತ್ರಗಳೂ ಬಂದಿವೆ. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವೂ ಆ ಮೊಕದ್ದಮೆಯನ್ನು ಸ್ಮರಿಸಿದೆ. ಅವರ ಜೀವನವನ್ನು ನಮ್ಮ ಓದುಗ ಬಾಂಧವರ ಮುಂದಿಡುವುದು ಉಚಿತವೆಂದು ನಮಗೆ ತೋರಿತು.

ವಲಸೆ ಬಂದ ಮನೆತನ

ಲೀಬೊವಿಟ್ಜ್ ಅವರು 1893ರ ಆಗಸ್ಟ್ 14ರಂದು ರೊಮೇನಿಯಾ ದೇಶದ ಯಾಶ್ ನಗರದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಅವರಿಗೆ ಇನ್ನೂ ನಾಲ್ಕು ವರ್ಷ ತುಂಬುವ ವೇಳೆಗೆ, 1897ರಲ್ಲಿ, ಕುಟುಂಬ ನ್ಯೂಯಾರ್ಕಿಗೆ ವಲಸೆ ಬಂದಿತು. ತಂದೆ ಐಸಾಕ್ ಮೊದಲು ತಳ್ಳುಗಾಡಿಯಲ್ಲಿ ಸಾಮಾನು ಮಾರಿದರು. ಬಳಿಕ ಬ್ರೂಕ್ಲಿನ್‌ನಲ್ಲಿ ಅಂಗಡಿ ಇಟ್ಟರು. ಮನೆತನದ ಮೂಲ ಹೆಸರು ಲೆಬೊ ಎಂದಿತ್ತು. ಹೊಸ ದೇಶಕ್ಕೆ ಹೊಂದುವ ಹೆಸರು ಬೇಕೆಂದು ಅದನ್ನು ಲೀಬೊವಿಟ್ಜ್ ಎಂದು ಮಾಡಿಕೊಂಡರು. ಊರು ಬಿಟ್ಟು ಬಂದವರ ಮಕ್ಕಳಿಗೆ ವಿದ್ಯೆಯೊಂದೇ ಆಸ್ತಿ ಎಂಬುದನ್ನು ನಮ್ಮ ಸಂಘದ ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತರುಣ ಸ್ಯಾಮ್ಯುಯೆಲ್ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ 1915ರಲ್ಲಿ ಪದವಿ ಪಡೆದರು. ವಿದ್ಯಾರ್ಥಿ ದೆಸೆಯಲ್ಲಿ ನಾಟಕ ಮತ್ತು ಚರ್ಚಾಸ್ಪರ್ಧೆಗಳಲ್ಲಿ ಅವರಿಗಿದ್ದ ಆಸಕ್ತಿ ಮುಂದೆ ನ್ಯಾಯಾಲಯದಲ್ಲಿ ಉಪಯೋಗಕ್ಕೆ ಬಂದಿತು.

ಶ್ರೀಮಂತ ಕಂಪನಿಗಳ ವಕೀಲಿ ಮಾಡಲು ಬೇಕಾದ ಪರಿಚಯ, ಪ್ರಭಾವಗಳು ಅವರಿಗಿರಲಿಲ್ಲ. ಆದುದರಿಂದ ಬ್ರೂಕ್ಲಿನ್‌ನ ಕ್ರಿಮಿನಲ್ ನ್ಯಾಯಾಲಯಗಳನ್ನೇ ಆಶ್ರಯಿಸಿದರು. ಹದಿನೈದು ವರ್ಷಗಳಲ್ಲಿ ಅವರು ನ್ಯೂಯಾರ್ಕಿನ ಅತಿ ಪ್ರಸಿದ್ಧ ಕ್ರಿಮಿನಲ್ ವಕೀಲರೆನಿಸಿದರು. 1933ರ ಹೊತ್ತಿಗೆ ಅವರು ನಡೆಸಿದ್ದ 78 ಕೊಲೆ ಮೊಕದ್ದಮೆಗಳಲ್ಲಿ 77ರಲ್ಲಿ ಕಕ್ಷಿದಾರರು ಬಿಡುಗಡೆಯಾಗಿದ್ದರು, ಒಂದರಲ್ಲಿ ಜ್ಯೂರಿ ಒಮ್ಮತಕ್ಕೆ ಬಂದಿರಲಿಲ್ಲ ಎಂದು ಹೇಳಲಾಗುತ್ತದೆ. ಕಕ್ಷಿದಾರರೆಲ್ಲ ಸಜ್ಜನರೇನೂ ಆಗಿರಲಿಲ್ಲ. ಕುಖ್ಯಾತ ಅಲ್ ಕಪೋನ್ ಕೂಡ ಅವರಲ್ಲೊಬ್ಬನಾಗಿದ್ದನು. ಹಣ, ಹೆಸರು, ಜಂಭ ಮೂರೂ ಅವರಲ್ಲಿದ್ದವು. ಅವರನ್ನು ನಾವು ಇಂದು ಸ್ಮರಿಸಲು ಕಾರಣವಾದ ಮೊಕದ್ದಮೆಯಿಂದ ಮಾತ್ರ ಅವರಿಗೆ ಒಂದು ಕಾಸೂ ಹುಟ್ಟಲಿಲ್ಲ.

ಗೂಡ್ಸ್ ರೈಲಿನಲ್ಲಿ ನಡೆದುದು

ಆ ಮೊಕದ್ದಮೆ ಹುಟ್ಟಿದ್ದು ನ್ಯೂಯಾರ್ಕಿನಿಂದ ಬಹುದೂರದ ದಕ್ಷಿಣ ರಾಜ್ಯವಾದ ಅಲಬಾಮದಲ್ಲಿ. ಅಮೆರಿಕದಲ್ಲಿ ಆಗ ಆರ್ಥಿಕ ಮುಗ್ಗಟ್ಟಿನ ಕಾಲ. ಕೆಲಸ ಹುಡುಕುತ್ತ ಟಿಕೆಟ್ ಇಲ್ಲದೆ ಗೂಡ್ಸ್ ರೈಲು ಹತ್ತಿ ಊರೂರು ಅಲೆಯುವವರು ಸಾವಿರಾರು ಮಂದಿ. 1931ರ ಮಾರ್ಚ್ 25ರಂದು ಚಾಟನೂಗದಿಂದ ಮೆಂಫಿಸ್ ಕಡೆಗೆ ಹೊರಟಿದ್ದ ಅಂಥ ಒಂದು ರೈಲಿನಲ್ಲಿ ಬಿಳಿಯ ಮತ್ತು ಕಪ್ಪುವರ್ಣೀಯ ಹುಡುಗರ ನಡುವೆ ಹೊಡೆದಾಟವಾಯಿತು. ಸೋತು ರೈಲಿನಿಂದಿಳಿದ ಬಿಳಿಯ ಹುಡುಗರು ದೂರು ಕೊಟ್ಟರು. ಪೇಂಟ್ ರಾಕ್ ಎಂಬ ಚಿಕ್ಕ ನಿಲ್ದಾಣದಲ್ಲಿ ಬಂದೂಕುಧಾರಿಗಳು ರೈಲನ್ನು ತಡೆದು ಒಂಬತ್ತು ಕಪ್ಪುವರ್ಣೀಯ ಹುಡುಗರನ್ನು ಹಿಡಿದರು. ಅದೇ ರೈಲಿನಲ್ಲಿ ಗಿರಣಿ ಕೆಲಸ ಅರಸಿ ಹೋಗಿ ಬರುತ್ತಿದ್ದ ಇಬ್ಬರು ಬಿಳಿಯ ಯುವತಿಯರೂ ಇದ್ದರು. ಇಪ್ಪತ್ತೊಂದು ವರ್ಷದ ವಿಕ್ಟೋರಿಯಾ ಪ್ರೈಸ್ ಮತ್ತು ಹದಿನೇಳರ ರೂಬಿ ಬೇಟ್ಸ್ ಎಂಬ ಆ ಇಬ್ಬರೂ ತಮ್ಮ ಮೇಲೆ ಈ ಹುಡುಗರು ಅತ್ಯಾಚಾರ ನಡೆಸಿದರೆಂದು ಆರೋಪಿಸಿದರು.

ಹುಡುಗರಲ್ಲಿ ಹೆಚ್ಚಿನವರು ಹದಿಹರೆಯದವರು; ಕಿರಿಯವನಿಗೆ ಹದಿಮೂರು ವರ್ಷವೂ ಸರಿಯಾಗಿ ತುಂಬಿರಲಿಲ್ಲ. ನಾಲ್ವರು ಚಾಟನೂಗದ ಗೆಳೆಯರು. ಉಳಿದ ಐವರು ಬೇರೆ ಬೇರೆ ಊರಿನವರು, ಪರಸ್ಪರ ಪರಿಚಯವೂ ಇಲ್ಲದವರು. ಓಲೆನ್ ಮಾಂಟ್ಗೊಮೆರಿ ಎಂಬವನಿಗೆ ದೃಷ್ಟಿ ತೀರ ಮಂದವಾಗಿತ್ತು. ವಿಲ್ಲಿ ರಾಬರ್ಸನ್ ಎಂಬವನು ಗುಹ್ಯರೋಗದಿಂದ ನರಳುತ್ತ ಕೋಲೂರಿ ನಡೆಯುತ್ತಿದ್ದನು. ಇದನ್ನೆಲ್ಲ ವಿಚಾರಿಸುವ ವ್ಯವಧಾನ ಯಾರಿಗೂ ಇರಲಿಲ್ಲ. ಜಿಲ್ಲಾ ಕೇಂದ್ರವಾದ ಸ್ಕಾಟ್ಸ್‌ಬೊರೊದ ಸೆರೆಮನೆಯ ಮುಂದೆ ಜನ ನೆರೆದರು. ಹುಡುಗರ ಜೀವ ಉಳಿಸಲು ರಾಜ್ಯಪಾಲರು ಸೈನಿಕರನ್ನು ಕಳುಹಿಸಬೇಕಾಯಿತು.

ಘಟನೆಯಾದ ಹನ್ನೆರಡನೆಯ ದಿನ, ಏಪ್ರಿಲ್ 6ರಂದು, ವಿಚಾರಣೆ ಆರಂಭವಾಯಿತು. ಆರೋಪಿಗಳ ಪರವಾಗಿ ವಾದಿಸುವ ಹೊಣೆಯನ್ನು ನ್ಯಾಯಾಧೀಶರು ಊರಿನ ಎಲ್ಲ ವಕೀಲರಿಗೂ ಒಟ್ಟಾಗಿ ವಹಿಸಿದ್ದರು. ಎಲ್ಲರ ಹೊಣೆ ಯಾರ ಹೊಣೆಯೂ ಅಲ್ಲವೆಂಬಂತೆ ಯಾರೂ ಸಿದ್ಧತೆ ನಡೆಸಲಿಲ್ಲ. ಕೊನೆಗೆ ಆ ಬೆಳಿಗ್ಗೆ ಎದ್ದು ನಿಂತವರು ಇಬ್ಬರು. ಒಬ್ಬರು ಆಸ್ತಿ ವ್ಯವಹಾರಗಳ ವಕೀಲರು. ಅಲಬಾಮದ ಕಾನೂನು ತಮಗೆ ಸರಿಯಾಗಿ ತಿಳಿಯದೆಂದು ಅವರೇ ಒಪ್ಪಿಕೊಂಡರು. ಇನ್ನೊಬ್ಬರು ಇಳಿವಯಸ್ಸಿನ ಸ್ಥಳೀಯ ವಕೀಲರು. ಕಕ್ಷಿದಾರರೊಡನೆ ಮಾತನಾಡಲು ಅವರಿಗೆ ಸಿಕ್ಕ ಕಾಲಾವಕಾಶ ಅರ್ಧ ಗಂಟೆ. ನಾಲ್ಕು ದಿನಗಳಲ್ಲಿ ಎಲ್ಲವೂ ಮುಗಿಯಿತು. ಎಂಟು ಮಂದಿಗೆ ವಿದ್ಯುತ್ ಕುರ್ಚಿಯ ಮರಣದಂಡನೆ. ಅತಿ ಕಿರಿಯನಾದ ರಾಯ್ ರೈಟ್‌ನ ವಿಷಯದಲ್ಲಿ ಮಾತ್ರ ಜ್ಯೂರಿಗಳು ಒಮ್ಮತಕ್ಕೆ ಬರಲಿಲ್ಲ. ಅವನು ನಿರಪರಾಧಿಯೆಂಬ ಕಾರಣಕ್ಕಲ್ಲ, ಜೀವಾವಧಿಯೋ ಮರಣವೋ ಎಂಬ ಭಿನ್ನಾಭಿಪ್ರಾಯದಿಂದ.

ಕಮ್ಯುನಿಸ್ಟ್ ಪಕ್ಷದ ಕಾನೂನು ಸಂಸ್ಥೆಯೊಂದು ಮೇಲ್ಮನವಿಯ ಭಾರ ಹೊತ್ತಿತು. 1932ರ ನವೆಂಬರ್ 7ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಪೊವೆಲ್ ವಿರುದ್ಧ ಅಲಬಾಮ ಪ್ರಕರಣದಲ್ಲಿ ಆ ಶಿಕ್ಷೆಗಳನ್ನು ರದ್ದುಗೊಳಿಸಿತು. ಪ್ರಾಣಕ್ಕೆ ಸಂಚಕಾರ ಬರುವ ಮೊಕದ್ದಮೆಯಲ್ಲಿ, ವಕೀಲರನ್ನಿಡಲು ಶಕ್ತಿಯಿಲ್ಲದ, ತನ್ನ ವಾದವನ್ನು ತಾನೇ ಮಂಡಿಸಲು ಬಾರದ ಆರೋಪಿಗೆ ನ್ಯಾಯಾಲಯವೇ ವಕೀಲರನ್ನು ಒದಗಿಸಬೇಕು. ಆ ನೆರವು ಹೆಸರಿಗೆ ಮಾತ್ರವಾಗಿರಬಾರದು ಎಂಬುದು ಆ ತೀರ್ಪಿನ ಸಾರ. ಹುಡುಗರಿಗೆ ಮರುವಿಚಾರಣೆಯ ಅವಕಾಶ ದೊರೆಯಿತು. ಈಗ ಬೇಕಾದುದು ನಿಜವಾದ ವಕೀಲರು.

ಡಿಕೇಟರ್ ನ್ಯಾಯಾಲಯದಲ್ಲಿ

1933ರ ಆರಂಭದಲ್ಲಿ ಆ ಸಂಸ್ಥೆ ಲೀಬೊವಿಟ್ಜ್ ಅವರನ್ನು ಕೋರಿತು. ಅವರು ಕಮ್ಯುನಿಸ್ಟರಲ್ಲ, ಡೆಮಾಕ್ರಟಿಕ್ ಪಕ್ಷದ ಬೆಂಬಲಿಗರು. ಸಂಸ್ಥೆಯ ರಾಜಕೀಯಕ್ಕೂ ತಮಗೂ ಸಂಬಂಧವಿಲ್ಲವೆಂದು ಸ್ಪಷ್ಟಪಡಿಸಿ, ಶುಲ್ಕವನ್ನಾಗಲಿ ಖರ್ಚನ್ನಾಗಲಿ ಪಡೆಯದೆ ಕೆಲಸ ಮಾಡಲು ಒಪ್ಪಿದರು. ಕೆಲವು ವಾರಗಳ ಕೆಲಸವೆಂದು ಭಾವಿಸಿದ್ದು ನಾಲ್ಕು ವರ್ಷಗಳಿಗೂ ಮೀರಿ ಬೆಳೆಯಿತು.

ಮಾರ್ಚ್ ಕೊನೆಯಲ್ಲಿ ಡಿಕೇಟರ್ ಪಟ್ಟಣದಲ್ಲಿ ನ್ಯಾಯಾಧೀಶ ಜೇಮ್ಸ್ ಹಾರ್ಟನ್ ಅವರ ಮುಂದೆ ಮರುವಿಚಾರಣೆ ನಡೆಯಿತು. ಮೊದಲ ಆರೋಪಿ ಹೇವುಡ್ ಪ್ಯಾಟರ್ಸನ್. ಲೀಬೊವಿಟ್ಜ್ ಅವರು ಆ ಗೂಡ್ಸ್ ರೈಲಿನ ಆಟಿಕೆ ಮಾದರಿಯೊಂದನ್ನು ಮಾಡಿಸಿ ತಂದಿದ್ದರು. ಯಾವ ಡಬ್ಬಿಯಲ್ಲಿ ಯಾರಿದ್ದರು, ಯಾರು ಎಲ್ಲಿಂದ ಎಲ್ಲಿಗೆ ಹಾರಿದರು ಎಂಬುದನ್ನು ಅದರ ಮೂಲಕ ತಿಳಿಯುವುದು ಅವರ ಉದ್ದೇಶ. ನಿಜವಾದ ರೈಲು ಇದಕ್ಕಿಂತ ಬಹಳ ದೊಡ್ಡದು ಎಂದು ಹೇಳಿ ವಿಕ್ಟೋರಿಯಾ ಪ್ರೈಸ್ ಆ ಮಾದರಿಯನ್ನು ಒಪ್ಪಲಿಲ್ಲ.

ಪಾಟೀಸವಾಲಿನಲ್ಲಿ ಲೀಬೊವಿಟ್ಜ್ ಅವರು ಎರಡು ಬಗೆಯ ಪ್ರಶ್ನೆಗಳನ್ನು ಕೇಳಿದರು. ಈ ಎರಡು ಬಗೆಗಳ ಅಂತರವನ್ನು ಓದುಗರು ಗಮನಿಸಬೇಕೆಂದು ನಮ್ಮ ವಿನಂತಿ. ಮೊದಲನೆಯದು ಆಕೆ ಹೇಳಿದ ಸಂಗತಿಗಳ ಪರೀಕ್ಷೆ. ಹಿಂದಿನ ರಾತ್ರಿ ಚಾಟನೂಗದ ಒಂದು ವಸತಿಗೃಹದಲ್ಲಿ ತಂಗಿದ್ದೆವೆಂದು ಆಕೆ ಹೇಳಿದ್ದರು. ಆದರೆ ಅಂಥ ವಸತಿಗೃಹವೇ ಇರಲಿಲ್ಲವೆಂದು ಅವರು ತೋರಿಸಿದರು. ಪಿಸ್ತೂಲಿನ ಹಿಡಿಯಿಂದ ತಲೆಗೆ ಹೊಡೆದರು, ಚೂಪಾದ ಜಲ್ಲಿಕಲ್ಲುಗಳ ಮೇಲೆ ಕೆಡವಿ ಹಲವರು ಹಿಂಸಿಸಿದರು ಎಂದು ಆಕೆಯ ಹೇಳಿಕೆ. ಆದರೆ ಅದೇ ದಿನ ಪರೀಕ್ಷಿಸಿದ ಡಾಕ್ಟರ್ ಬ್ರಿಜಸ್ ಅವರು ಕಂಡದ್ದು ಕೆಲವು ಸಣ್ಣ ಗೀರುಗಳು ಮತ್ತು ಕಂದಿದ ಗುರುತುಗಳು ಮಾತ್ರ. ತಲೆಯಲ್ಲಿ ಗಾಯವಿರಲಿಲ್ಲ, ರಕ್ತವಿರಲಿಲ್ಲ, ನಾಡಿ ಉಸಿರಾಟಗಳು ಸಹಜವಾಗಿದ್ದವು. ದೇಹದಲ್ಲಿ ದೊರೆತ ವೀರ್ಯಾಣುಗಳು ತೀರ ಅಲ್ಪ ಮತ್ತು ನಿರ್ಜೀವ. ಈ ವೈದ್ಯರು ಸರ್ಕಾರದ ಪರ ಸಾಕ್ಷಿಯೇ ಆಗಿದ್ದರೆಂಬುದು ಗಮನಾರ್ಹ.

ಎರಡನೆಯ ಬಗೆಯ ಪ್ರಶ್ನೆಗಳು ಆ ಹೆಣ್ಣುಮಗಳ ಹಿಂದಿನ ಬದುಕನ್ನು, ನಡತೆಯನ್ನು, ಸಂಬಂಧಗಳನ್ನು ಕುರಿತವು. ಅವುಗಳಲ್ಲಿ ಕೆಲವಕ್ಕೆ, ವೈದ್ಯಕೀಯ ಕುರುಹಿಗೆ ಬೇರೆ ಕಾರಣವಿರಬಹುದೆಂದು ತೋರಿಸುವ ಉದ್ದೇಶವಿತ್ತು. ಇನ್ನು ಕೆಲವು ಬರಿಯ ಮಾನಭಂಗವೇ ಆಗಿದ್ದವು. ನ್ಯೂಯಾರ್ಕಿನಲ್ಲಿ ಗೆದ್ದು ಬರುತ್ತಿದ್ದ ತಂತ್ರ ಡಿಕೇಟರ್‌ನಲ್ಲಿ ತಿರುಗುಬಾಣವಾಯಿತು. ಉತ್ತರದಿಂದ ಬಂದ ಯಹೂದಿ ವಕೀಲನೊಬ್ಬ ತಮ್ಮ ಊರಿನ ಹೆಣ್ಣನ್ನು ಅವಮಾನಿಸುತ್ತಿದ್ದಾನೆ ಎಂಬುದಷ್ಟೇ ಜ್ಯೂರಿಗಳ ಮನಸ್ಸಿನಲ್ಲಿ ಉಳಿಯಿತು. ಅವರಿಗೆ ಕೊಲೆ ಬೆದರಿಕೆಗಳು ಬಂದವು. ಸೈನಿಕರ ಕಾವಲಿನಲ್ಲಿ ಓಡಾಡಬೇಕಾಯಿತು. ಯಹೂದಿಗಳ ಹಣಕ್ಕೆ ಅಲಬಾಮದ ನ್ಯಾಯ ಮಾರಾಟವಾಗಬಾರದೆಂಬ ಅರ್ಥದ ಮಾತನ್ನು ಸರ್ಕಾರಿ ವಕೀಲರೊಬ್ಬರು ತುಂಬಿದ ನ್ಯಾಯಾಲಯದಲ್ಲೇ ಆಡಿದರು.

ಕೊನೆಯ ಹಂತದಲ್ಲಿ ಎಲ್ಲರೂ ಬೆರಗಾಗುವಂತೆ ರೂಬಿ ಬೇಟ್ಸ್ ಆರೋಪಿಗಳ ಪರವಾಗಿ ಸಾಕ್ಷಿ ನುಡಿಯಲು ಬಂದರು. ತಮ್ಮ ಮೇಲೆ ಅತ್ಯಾಚಾರ ನಡೆದೇ ಇಲ್ಲ, ಮೊದಲು ಹೇಳಿದ್ದು ಸುಳ್ಳು ಎಂದು ಪ್ರಮಾಣ ಮಾಡಿ ಹೇಳಿದರು. ಸರ್ಕಾರಿ ವಕೀಲರು ಆಕೆ ತೊಟ್ಟಿದ್ದ ಹೊಸ ಉಡುಪಿಗೆ ಹಣ ಕೊಟ್ಟವರು ಯಾರೆಂದು ವಿಚಾರಿಸಿದರು. ಆರೋಪಿಸುವಾಗ ನಂಬಿಕೆಗೆ ಅರ್ಹಳಾಗಿದ್ದ ಹೆಣ್ಣುಮಗಳು ಆರೋಪವನ್ನು ಹಿಂತೆಗೆದುಕೊಂಡಾಗ ಅನರ್ಹಳಾದಳು. ಹನ್ನೆರಡು ಮಂದಿ ಬಿಳಿಯ ಗಂಡಸರ ಜ್ಯೂರಿ 1933ರ ಏಪ್ರಿಲ್ 9ರಂದು ಪ್ಯಾಟರ್ಸನ್ ಅಪರಾಧಿಯೆಂದೂ ಅವನಿಗೆ ಮರಣದಂಡನೆಯೆಂದೂ ತೀರ್ಮಾನಿಸಿತು. ನ್ಯೂಯಾರ್ಕಿಗೆ ಮರಳಿದ ಲೀಬೊವಿಟ್ಜ್ ಅವರು ಸಿಟ್ಟಿನ ಭರದಲ್ಲಿ ಆ ಜ್ಯೂರಿಗಳನ್ನು ಪತ್ರಿಕೆಯವರ ಮುಂದೆ ಹೀನಾಯವಾಗಿ ಹಳಿದರು. ಆ ಮಾತುಗಳು ಅಲಬಾಮ ತಲುಪಿ ಹುಡುಗರಿಗೇ ಹಾನಿ ಮಾಡಿದವು. ಅವರ ಜೀವನದ ದೊಡ್ಡ ತಪ್ಪುಗಳಲ್ಲಿ ಇದೊಂದೆಂದು ನಮ್ಮ ಅಭಿಪ್ರಾಯ.

ನ್ಯಾಯಾಧೀಶ ಹಾರ್ಟನ್

ಆದರೆ ಆ ನ್ಯಾಯಾಲಯದಲ್ಲಿ ಸಾಕ್ಷ್ಯವನ್ನು ಕಿವಿಗೊಟ್ಟು ಕೇಳಿದ ಒಬ್ಬರಿದ್ದರು. ನ್ಯಾಯಾಧೀಶ ಹಾರ್ಟನ್ ಅಲಬಾಮದವರೇ, ಆ ಸಮಾಜದೊಳಗೇ ಬೆಳೆದವರೇ. 1933ರ ಜೂನ್ 22ರಂದು ಅವರು ಜ್ಯೂರಿಯ ತೀರ್ಮಾನವನ್ನು ತಳ್ಳಿಹಾಕಿ ಮತ್ತೆ ವಿಚಾರಣೆ ನಡೆಸಲು ಆದೇಶಿಸಿದರು. ವಿಕ್ಟೋರಿಯಾ ಪ್ರೈಸ್ ಅವರ ಒಂದೊಂದು ಹೇಳಿಕೆಯನ್ನೂ ವೈದ್ಯರ ಮತ್ತು ಇತರರ ಸಾಕ್ಷ್ಯದೊಡನೆ ತಾಳೆ ನೋಡಿ, ಆ ಹೇಳಿಕೆಗೆ ಎಲ್ಲಿಯೂ ಬೆಂಬಲವಿಲ್ಲವೆಂದು ತೋರಿಸಿದರು. ಮರುವರ್ಷದ ಚುನಾವಣೆಯಲ್ಲಿ ಜನ ಅವರನ್ನು ಸೋಲಿಸಿದರು. ಅವರು ಮತ್ತೆಂದೂ ನ್ಯಾಯಪೀಠ ಏರಲಿಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಾರ್ಟನ್ ಅವರು ಮಾಡಿದ್ದು ಅದನ್ನೇ. ಲೀಬೊವಿಟ್ಜ್ ಅವರ ಪಾಟೀಸವಾಲಿನಲ್ಲಿ ಆ ನ್ಯಾಯಾಧೀಶರಿಗೆ ಮುಖ್ಯವಾಗಿ ಉಪಯೋಗವಾದುದು ಮೊದಲನೆಯ ಬಗೆಯ ಪ್ರಶ್ನೆಗಳಿಂದ ಹೊರಬಿದ್ದ ಸಂಗತಿಗಳು.

ಕೆಂಪು ಗೆರೆಯ ಮೇಲಿನ ಹೆಸರುಗಳು

ಮೂರನೆಯ ಸುತ್ತಿನ ವಿಚಾರಣೆ 1933ರ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಬೇರೊಬ್ಬ ನ್ಯಾಯಾಧೀಶರ ಮುಂದೆ ನಡೆದು, ಪ್ಯಾಟರ್ಸನ್ ಹಾಗೂ ಕ್ಲಾರೆನ್ಸ್ ನಾರಿಸ್ ಇಬ್ಬರಿಗೂ ಮತ್ತೆ ಮರಣದಂಡನೆಯಾಯಿತು. ಈ ಹೊತ್ತಿಗೆ ಲೀಬೊವಿಟ್ಜ್ ಅವರು ಇನ್ನೊಂದು ದಾರಿ ಹಿಡಿದಿದ್ದರು. ದೋಷಾರೋಪಣೆ ನಡೆದ ಜಾಕ್ಸನ್ ಜಿಲ್ಲೆಯಲ್ಲಿ 1930ರ ಗಣತಿಯಂತೆ 36,881 ಜನರಿದ್ದರು. ಅವರಲ್ಲಿ 2,688 ಮಂದಿ ಕಪ್ಪುವರ್ಣೀಯರು. ಆದರೂ ಯಾರ ನೆನಪಿನ ಕಾಲದಲ್ಲೂ ಒಬ್ಬ ಕಪ್ಪುವರ್ಣೀಯ ಅಲ್ಲಿ ಜ್ಯೂರಿಯಲ್ಲಿ ಕುಳಿತಿರಲಿಲ್ಲ. ಪಟ್ಟಿಯಲ್ಲಿ ಅವರ ಹೆಸರುಗಳೂ ಇವೆಯೆಂದು ತೋರಿಸಲು ಸರ್ಕಾರದವರು ಜ್ಯೂರಿಗಳ ಪುಸ್ತಕವನ್ನು ತಂದಿಟ್ಟರು. ಅದರಲ್ಲಿ ನಿಜವಾಗಿಯೂ ಕಪ್ಪುವರ್ಣೀಯರ ಆರು ಹೆಸರುಗಳಿದ್ದವು.

ಕಂಪ್ಯೂಟರ್ ಬರುವ ಮುನ್ನ ಕೈಬರಹದ ಲೆಡ್ಜರುಗಳನ್ನು ತಾಳೆ ನೋಡಿದ ನಮ್ಮಂಥ ಬ್ಯಾಂಕ್ ನೌಕರರಿಗೆ ಮುಂದಿನ ಪ್ರಸಂಗ ವಿಶೇಷವಾಗಿ ಮನಸ್ಸಿಗೆ ಹಿಡಿಸುತ್ತದೆ. ಹೊಸ ಜ್ಯೂರಿ ಆಯೋಗ ಅಧಿಕಾರಕ್ಕೆ ಬಂದಾಗ, ಹಳೆಯ ಹೆಸರುಗಳು ಎಲ್ಲಿ ಮುಗಿದವೆಂದು ಗುರುತಿಸಲು ಗುಮಾಸ್ತರು ಆ ಪುಸ್ತಕದಲ್ಲಿ ಕೆಂಪು ಗೆರೆಗಳನ್ನು ಎಳೆದಿದ್ದರು. ಈ ಹೆಸರುಗಳು ಆ ಕೆಂಪು ಗೆರೆಗಳ ಮೇಲೆ ಬಿದ್ದಿದ್ದವು. ಅಂದರೆ ಗೆರೆ ಮೊದಲು, ಹೆಸರು ಆಮೇಲೆ. ಬರವಣಿಗೆಯ ತಜ್ಞರೊಬ್ಬರು ಹಾಗೆಂದೇ ಸಾಕ್ಷಿ ನುಡಿದರು. ದಿನದ ಲೆಕ್ಕ ಮುಗಿಸಿ ಅಡ್ಡಗೆರೆ ಎಳೆದ ಬಳಿಕ ಆ ಗೆರೆಯ ಮೇಲೆ ಒಂದು ನಮೂದು ಕಂಡುಬಂದರೆ ಅದರ ಅರ್ಥವೇನೆಂದು ಯಾವ ಇನ್‌ಸ್ಪೆಕ್ಟರರೂ ಕ್ಷಣದಲ್ಲಿ ಹೇಳಬಲ್ಲರು.

1935ರ ಫೆಬ್ರುವರಿಯಲ್ಲಿ ಲೀಬೊವಿಟ್ಜ್ ಅವರು ಮೊದಲ ಬಾರಿಗೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಂದೆ ನಿಂತರು. ಹೆಸರುಗಳು ನಂತರ ಸೇರಿಸಿದವು ಎಂಬುದನ್ನು ತೋರಿಸಬಲ್ಲಿರಾ ಎಂದು ಮುಖ್ಯ ನ್ಯಾಯಮೂರ್ತಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರು ಕೇಳಿದಾಗ, ಪುಸ್ತಕವನ್ನೂ ಭೂತಗನ್ನಡಿಯನ್ನೂ ಅವರ ಮುಂದಿಟ್ಟರು. ನ್ಯಾಯಮೂರ್ತಿಗಳು ಒಬ್ಬರಾದ ಮೇಲೆ ಒಬ್ಬರು ನೋಡಿದರು. ಏಪ್ರಿಲ್ 1ರಂದು ನಾರಿಸ್ ವಿರುದ್ಧ ಅಲಬಾಮ ತೀರ್ಪು ಹೊರಬಿತ್ತು. ವರ್ಣದ ಕಾರಣಕ್ಕೆ ಜನರನ್ನು ಜ್ಯೂರಿಯಿಂದ ವ್ಯವಸ್ಥಿತವಾಗಿ ಹೊರಗಿಡುವುದು ಸಂವಿಧಾನ ವಿರೋಧಿಯೆಂದು ನ್ಯಾಯಾಲಯ ಸಾರಿ, ಶಿಕ್ಷೆಯನ್ನು ರದ್ದುಗೊಳಿಸಿತು. ಅದೇ ವರ್ಷ ಸೇರಿದ ಹೊಸ ಗ್ರ್ಯಾಂಡ್ ಜ್ಯೂರಿಯಲ್ಲಿ ಒಬ್ಬ ಕಪ್ಪುವರ್ಣೀಯ ಸದಸ್ಯರಿದ್ದರು. ಆ ಜ್ಯೂರಿಯೂ ಮತ್ತೆ ದೋಷಾರೋಪಣೆಯನ್ನೇ ಹೊರಿಸಿತೆಂಬುದು ಬೇರೆ ಮಾತು.

ಅರ್ಧ ನ್ಯಾಯ

1936ರ ಜನವರಿಯಲ್ಲಿ ಪ್ಯಾಟರ್ಸನ್‌ಗೆ ನಾಲ್ಕನೆಯ ಬಾರಿ ಶಿಕ್ಷೆಯಾಯಿತು. ಈ ಬಾರಿ 75 ವರ್ಷಗಳ ಸೆರೆವಾಸ. ತಮ್ಮ ಹೆಸರೇ ಅಲಬಾಮದಲ್ಲಿ ಹುಡುಗರಿಗೆ ಹೊರೆಯಾಗಿದೆ ಎಂಬುದನ್ನು ಅರಿತ ಲೀಬೊವಿಟ್ಜ್ ಅವರು ಸ್ಥಳೀಯ ವಕೀಲರೊಬ್ಬರನ್ನು ಮುಂದೆ ಬಿಟ್ಟು ತಾವು ಹಿಂದೆ ಕುಳಿತರು. ಅಹಂಕಾರಿಯೆಂದು ಹೆಸರಾಗಿದ್ದ ವಕೀಲರಿಗೆ ಇದು ಸಣ್ಣ ತ್ಯಾಗವಾಗಿರಲಿಲ್ಲ. 1937ರ ಜುಲೈಯಲ್ಲಿ ನಾರಿಸ್‌ಗೆ ಮರಣದಂಡನೆ, ಆಂಡಿ ರೈಟ್‌ಗೆ 99 ವರ್ಷ, ಚಾರ್ಲಿ ವೀಮ್ಸ್‌ಗೆ 75 ವರ್ಷ ಶಿಕ್ಷೆಯಾಯಿತು. ಕಾವಲು ಅಧಿಕಾರಿಯ ಮೇಲೆ ಚೂರಿಯಿಂದ ಹಲ್ಲೆ ಮಾಡಿ ತಲೆಗೆ ಗುಂಡೇಟು ತಿಂದಿದ್ದ ಓಜಿ ಪೊವೆಲ್‌ನ ಮೇಲಿನ ಅತ್ಯಾಚಾರದ ಆರೋಪ ಕೈಬಿಟ್ಟು, ಹಲ್ಲೆಗಾಗಿ 20 ವರ್ಷ ವಿಧಿಸಲಾಯಿತು. ಜುಲೈ 24ರಂದು ಉಳಿದ ನಾಲ್ವರನ್ನು ಸರ್ಕಾರ ತಾನಾಗಿ ಬಿಡುಗಡೆ ಮಾಡಿತು. ಒಂದೇ ಸಾಕ್ಷಿ, ಒಂದೇ ಆರೋಪ. ನಾಲ್ವರು ಮನೆಗೆ, ನಾಲ್ವರು ಅದೇ ಆರೋಪದ ಮೇಲೆ ಸೆರೆಮನೆಗೆ. ಬಿಡುಗಡೆಯಾದವರನ್ನು ಲೀಬೊವಿಟ್ಜ್ ಅವರೇ ನ್ಯೂಯಾರ್ಕಿಗೆ ಕರೆದೊಯ್ದರು. ಆ ಹೊತ್ತಿಗೆ ಹುಡುಗರು ಸೆರೆಯಲ್ಲಿ ಆರು ವರ್ಷಗಳಿಗೂ ಹೆಚ್ಚು ಕಾಲ ಕಳೆದಿದ್ದರು.

1938ರಲ್ಲಿ ನಾರಿಸ್‌ನ ಮರಣದಂಡನೆ ಜೀವಾವಧಿಗೆ ಇಳಿಯಿತು. ಉಳಿದವರು ಒಬ್ಬೊಬ್ಬರಾಗಿ ಪೆರೋಲ್ ಮೇಲೆ ಹೊರಬಂದರು. ಕೊನೆಯವನಾದ ಆಂಡಿ ರೈಟ್ ಹೊರಬಂದಾಗ 1950. ಪ್ಯಾಟರ್ಸನ್ 1948ರಲ್ಲಿ ಸೆರೆಯಿಂದ ತಪ್ಪಿಸಿಕೊಂಡನು. ಬಳಿಕ ಬೇರೊಂದು ಪ್ರಕರಣದಲ್ಲಿ ಶಿಕ್ಷೆಯಾಗಿ 1952ರಲ್ಲಿ ಸೆರೆಯಲ್ಲೇ ತೀರಿಕೊಂಡನು. ನಾರಿಸ್‌ಗೆ 1976ರಲ್ಲಿ ಅಲಬಾಮದ ಕ್ಷಮಾದಾನ ದೊರೆಯಿತು. ಪ್ಯಾಟರ್ಸನ್, ವೀಮ್ಸ್ ಮತ್ತು ಆಂಡಿ ರೈಟ್ ಅವರಿಗೆ ಮರಣೋತ್ತರ ಕ್ಷಮಾದಾನ ದೊರೆತದ್ದು 2013ರ ನವೆಂಬರ್ 21ರಂದು, ಘಟನೆಯಾಗಿ 82 ವರ್ಷಗಳ ನಂತರ.

ಲೀಬೊವಿಟ್ಜ್ ಅವರು 1940ರಲ್ಲಿ ಬ್ರೂಕ್ಲಿನ್‌ನ ನ್ಯಾಯಾಧೀಶರಾಗಿ ಚುನಾಯಿತರಾಗಿ, ಸುಮಾರು ಮೂರು ದಶಕ ನ್ಯಾಯಪೀಠದಲ್ಲಿದ್ದರು. ಅಪರಾಧಿಗಳಿಗೆ ಅತಿ ಕಠಿಣ ಶಿಕ್ಷೆ ವಿಧಿಸುವವರೆಂದು ಹೆಸರಾದರು. ಮರಣದಂಡನೆಯನ್ನು ಬೆಂಬಲಿಸಿದರು. ಆರೋಪಿಗಳನ್ನು ವಿದ್ಯುತ್ ಕುರ್ಚಿಯಿಂದ ಪಾರುಮಾಡಿದ್ದ ವಕೀಲರು ಹೀಗಾದರೆಂದು ಹಲವರು ಅಚ್ಚರಿಪಟ್ಟಿದ್ದುಂಟು. ನಮಗೆ ಇದರಲ್ಲಿ ಅಂಥ ವಿರೋಧಾಭಾಸ ಕಾಣುವುದಿಲ್ಲ. ಅಪರಾಧ ಸಿದ್ಧವಾದ ಮೇಲೆ ಶಿಕ್ಷೆ ಎಷ್ಟಿರಬೇಕೆಂಬುದು ಒಂದು ಪ್ರಶ್ನೆ. ಸಿದ್ಧವಾಯಿತೇ ಎಂಬುದು ಅದಕ್ಕಿಂತ ಮೊದಲ ಪ್ರಶ್ನೆ. ಮೊದಲ ಪ್ರಶ್ನೆಯನ್ನು ಕೇಳುವವರು ಅಪರಾಧದ ಬಗ್ಗೆ ಮೃದುವಾಗಿರುತ್ತಾರೆಂದು ತಿಳಿಯಬೇಕಾಗಿಲ್ಲ. 1978ರ ಜನವರಿ 11ರಂದು ಅವರು ಬ್ರೂಕ್ಲಿನ್‌ನಲ್ಲಿ ನಿಧನರಾದರು.

ನಮಗೇನು ಸಂಬಂಧ

ತಮಿಳುನಾಡಿನಿಂದ ಬಂದ ಪ್ರಕರಣವೊಂದರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು 2010ರ ಡಿಸೆಂಬರ್‌ನಲ್ಲಿ, ಇಂಥ ಆರೋಪಿಯ ಪರ ಯಾರೂ ವಾದಿಸಕೂಡದೆಂದು ವಕೀಲರ ಸಂಘಗಳು ನಿರ್ಣಯ ಮಾಡುವುದು ಕಾನೂನುಬಾಹಿರವೆಂದು ಸಾರಿತು. ಆಗ ನ್ಯಾಯಮೂರ್ತಿಗಳು ಸ್ಮರಿಸಿದ ನಿದರ್ಶನಗಳಲ್ಲಿ ಸ್ಕಾಟ್ಸ್‌ಬೊರೊ ಹುಡುಗರ ಪೊವೆಲ್ ತೀರ್ಪೂ ಒಂದು. ತನಗೆ ಬೇಕಾದ ವಕೀಲರ ಮೂಲಕ ವಾದಿಸುವ ಹಕ್ಕನ್ನು ಬಂಧಿತನಿಗೆ ನಮ್ಮ ಸಂವಿಧಾನದ 22ನೆಯ ವಿಧಿ ಕೊಟ್ಟಿದೆ. ಬಡವರಿಗೆ ಉಚಿತ ಕಾನೂನು ನೆರವು ಒದಗಿಸಬೇಕೆಂಬ 39ಎ ವಿಧಿ 1976ರಲ್ಲಿ ಸೇರಿತು.

ಆದರೆ ಲೀಬೊವಿಟ್ಜ್ ಅವರ ಕಥೆಯಿಂದ ತಪ್ಪು ಪಾಠ ಕಲಿಯುವ ಅಪಾಯವೂ ಇದೆ. ಎರಡು ಎಚ್ಚರಿಕೆಗಳನ್ನು ಹೇಳದಿದ್ದರೆ ನಮ್ಮ ಹೆಣ್ಣುಮಕ್ಕಳಿಗೆ ಅನ್ಯಾಯ ಮಾಡಿದಂತಾದೀತು.

ಮೊದಲನೆಯದು ಗಾಯಗಳ ವಿಷಯ. ವಿಕ್ಟೋರಿಯಾ ಪ್ರೈಸ್ ಅವರ ಪ್ರಕರಣದಲ್ಲಿ ಗಾಯಗಳ ಅಭಾವ ಮುಖ್ಯವಾದುದು, ಪಿಸ್ತೂಲಿನ ಏಟು ಮತ್ತು ಜಲ್ಲಿಕಲ್ಲುಗಳ ಮಾತನ್ನು ಆಕೆಯೇ ಆಡಿದ್ದರಿಂದ. ಎಲ್ಲ ಪ್ರಕರಣಗಳಿಗೂ ಇದು ಅಳತೆಗೋಲಲ್ಲ. ಮಹಾರಾಷ್ಟ್ರದ ಆದಿವಾಸಿ ಬಾಲೆಯೊಬ್ಬಳ ಮೇಲೆ 1972ರಲ್ಲಿ ಪೊಲೀಸ್ ಠಾಣೆಯಲ್ಲೇ ನಡೆದ ಕೃತ್ಯದ ಪ್ರಕರಣದಲ್ಲಿ, ಮೈಮೇಲೆ ಗಾಯವಿಲ್ಲದ್ದನ್ನು ಸಮ್ಮತಿಯ ಸೂಚನೆಯೆಂದು ತಿಳಿದು ಸರ್ವೋಚ್ಚ ನ್ಯಾಯಾಲಯ 1978ರಲ್ಲಿ ಪೊಲೀಸರನ್ನು ಬಿಡುಗಡೆ ಮಾಡಿತು. ಭಯದಿಂದ ಸುಮ್ಮನಾಗುವುದು ಸಮ್ಮತಿಯಲ್ಲವೆಂದು 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಮೊದಲಾದ ನಾಲ್ವರು ಕಾನೂನು ಪ್ರಾಧ್ಯಾಪಕರು ನ್ಯಾಯಾಲಯಕ್ಕೆ ಬಹಿರಂಗ ಪತ್ರ ಬರೆದರು. ದೇಶದಲ್ಲಿ ದೊಡ್ಡ ಚಳವಳಿ ನಡೆದು 1983ರಲ್ಲಿ ಕಾನೂನು ತಿದ್ದುಪಡಿಯಾಯಿತು.

ಎರಡನೆಯದು ನಡತೆಯ ವಿಷಯ. ಅತ್ಯಾಚಾರದ ಮೊಕದ್ದಮೆಯಲ್ಲಿ ದೂರುದಾರಳು ನಡತೆಗೆಟ್ಟವಳೆಂದು ತೋರಿಸಿ ಸಾಕ್ಷ್ಯವನ್ನು ಅಲ್ಲಗಳೆಯುವ ಅವಕಾಶ ನಮ್ಮ ಹಳೆಯ ಸಾಕ್ಷ್ಯ ಕಾಯಿದೆಯಲ್ಲಿತ್ತು. 2002ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಸಮ್ಮತಿಯ ಪ್ರಶ್ನೆ ಎದ್ದಾಗ ಆಕೆಯ ನಡತೆ, ಹಿಂದಿನ ಸಂಬಂಧಗಳು ಅಪ್ರಸ್ತುತವೆಂದು 2013ರಲ್ಲಿ ಸ್ಪಷ್ಟವಾಗಿ ಸೇರಿಸಲಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಇದನ್ನು ಉಳಿಸಿಕೊಂಡಿದೆ. ಲೀಬೊವಿಟ್ಜ್ ಅವರು ಅಂದು ಕೇಳಿದ ಪ್ರಶ್ನೆಗಳಲ್ಲಿ ಹಲವನ್ನು ಇಂದು ನಮ್ಮ ನ್ಯಾಯಾಧೀಶರು ತಡೆಯುತ್ತಿದ್ದರು. ತಡೆದಿದ್ದರೂ ಅವರ ವಾದಕ್ಕೆ ದೊಡ್ಡ ನಷ್ಟವಾಗುತ್ತಿರಲಿಲ್ಲವೆಂದು ನಮಗೆ ತೋರುತ್ತದೆ. ಆ ಹುಡುಗರನ್ನು ವಿದ್ಯುತ್ ಕುರ್ಚಿಯಿಂದ ಉಳಿಸಿದವು ಡಾಕ್ಟರರ ಸಾಕ್ಷ್ಯ ಮತ್ತು ಜ್ಯೂರಿ ಪುಸ್ತಕದ ಕೆಂಪು ಗೆರೆ. ಹೆಣ್ಣೊಬ್ಬಳ ನಡತೆಯನ್ನು ಬೀದಿಗೆಳೆದದ್ದರಿಂದ ಅವರಿಗೆ ದೊರೆತದ್ದು ಜ್ಯೂರಿಗಳ ದ್ವೇಷವೊಂದೇ.

ಆರೋಪಿಯ ಪರ ವಾದಿಸುವುದೆಂದರೆ ದೂರಿತ್ತವಳನ್ನು ಹಳಿಯುವುದಲ್ಲ, ದೂರನ್ನು ಪರೀಕ್ಷಿಸುವುದು. ಸತ್ಯವಾದ ದೂರು ಆ ಪರೀಕ್ಷೆಯನ್ನು ದಾಟಿ ಇನ್ನಷ್ಟು ಗಟ್ಟಿಯಾಗುತ್ತದೆ. ಪರೀಕ್ಷೆಯೇ ಇಲ್ಲದೆ ಕೊಟ್ಟ ಶಿಕ್ಷೆ ಮೇಲಿನ ನ್ಯಾಯಾಲಯದಲ್ಲಿ ಉರುಳಿಬಿದ್ದು, ನಿಜವಾಗಿ ನೊಂದವಳಿಗೂ ನ್ಯಾಯ ಸಿಗದಂತೆ ಮಾಡುತ್ತದೆ. ಸ್ಕಾಟ್ಸ್‌ಬೊರೊದಲ್ಲಿ ನಾಲ್ಕು ದಿನಗಳಲ್ಲಿ ಮುಗಿಸಿದ ವಿಚಾರಣೆಯ ತಪ್ಪನ್ನು ತಿದ್ದಲು ಎಂಬತ್ತೆರಡು ವರ್ಷ ಬೇಕಾಯಿತು.

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳೂ ಇದ್ದಾರೆ, ಗಂಡುಮಕ್ಕಳೂ ಇದ್ದಾರೆ. ಮಗಳಿಗೆ ಅನ್ಯಾಯವಾದರೆ ಅವಳ ಮಾತನ್ನು ಗೌರವದಿಂದ ಕೇಳುವ ಪೊಲೀಸರೂ ನ್ಯಾಯಾಧೀಶರೂ ಬೇಕೆಂದು ನಾವು ಬಯಸುತ್ತೇವೆ. ಮಗನ ಮೇಲೆ ಸುಳ್ಳು ಆರೋಪ ಬಂದರೆ ರಾತ್ರಿಯೆಲ್ಲ ಕುಳಿತು ಕಾಗದಪತ್ರ ಓದುವ ವಕೀಲರು ಬೇಕೆಂದೂ ಬಯಸುತ್ತೇವೆ. ಇವೆರಡನ್ನೂ ಒಂದೇ ನ್ಯಾಯಾಲಯ ಕೊಡಬೇಕಾಗಿದೆ. ಮುಂದೊಂದು ದಿನ ಬೆಳಗಿನ ರೈಲಿನಲ್ಲಿ ಆ ಹಳೆಯ ಪ್ರಶ್ನೆ ಮತ್ತೆ ಕೇಳಿಬಂದಾಗ, ಠಾಣೆ ಬರುವ ಮುನ್ನವೇ ತೀರ್ಪು ಕೊಡದೆ, ಲೀಬೊವಿಟ್ಜ್ ಅವರ ಹೆಸರನ್ನೊಮ್ಮೆ ನೆನೆದರೆ ಈ ಬರಹ ಸಾರ್ಥಕವಾದೀತು.